ತಮ್ಮಣ್ಣನ ಅರ್ಧ ಮೈಲಿ

ತಮ್ಮಣ್ಣ ಸುಳ್ಳು ಹೇಳಬೇಕೆಂದು ಕೂತು ಯೋಚಿಸಿ ಹೇಳಿದವನಲ್ಲ. ಅವನಿಗೆ ಅಷ್ಟು ಪುರಸೊತ್ತೇ ಇರಲಿಲ್ಲ. ಏದುಸಿರು ಬಿಡುತ್ತ ಹೊಸ್ತಿಲು ದಾಟಿದ, ಮಾವ ಕೇಳಿದ, ಇವನು ಹೇಳಿದ. ಆದದ್ದು ಅಷ್ಟೇ.

ಆದದ್ದಕ್ಕೆ ಮೂಲ ಒಂದು ಗ್ರಾಮೋಫೋನು. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ ಸ್ಟೇಶನ್ ಹತ್ತಿರ ಒಬ್ಬ ಇರಾಣಿ ಚಹಾದಂಗಡಿ ತೆರೆದು, ಗಿರಾಕಿಗಳನ್ನು ಎಳೆಯಲು ಆ ಹಾಡುವ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟಿದ್ದ. ತಮ್ಮಣ್ಣ ಖಾನಾಪುರದ ಕಡೆಯ ಹುಡುಗ. ಬೆಳಗಾವಿಯ ಒಂದು ಇಂಗ್ಲಿಷ್ ಸಾಲೆಯಲ್ಲಿ ಓದುತ್ತ, ವಡಗಾವಿಯಲ್ಲಿ ಸೋದರಮಾವ ಗುರುಪುತ್ರಪ್ಪನ ಮನೆಯಲ್ಲಿದ್ದ. ಸಾಲೆ ಬಿಟ್ಟ ಮೇಲೆ ಆ ಅಂಗಡಿಯ ಎದುರಿನ ಬೇವಿನ ಗಿಡಕ್ಕೆ ಆನಿಕೊಂಡು ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಒಳಗೆ ಹೋಗಿ ಚಹಾ ಕುಡಿಯುವ ಧೈರ್ಯ ಇರಲಿಲ್ಲ. ನೇಕಾರ ಗುರುಪುತ್ರಪ್ಪನ ಲೆಕ್ಕದಲ್ಲಿ ಚಹಾದಂಗಡಿಗೂ ಸೆರೆ ಕುಡಿಯುವ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಕೈಕಾಲು ತೊಳೆದು ಲಿಂಗಪೂಜೆಗೆ ಕೂಡಬೇಕೆಂಬುದು ಆ ಮನೆಯ ಕಾಯದೆ.

ಆ ದಿನ ಪೆಟ್ಟಿಗೆ ಒಂದು ಹಾಡು ಹೆಚ್ಚಿಗೆ ಹಾಡಿತು. ಕಣ್ಣು ಬಿಟ್ಟು ನೋಡಿದರೆ ಬೀದಿಯ ಕಂದೀಲುಗಳು ಹತ್ತಿದ್ದವು. ತಮ್ಮಣ್ಣ ಸ್ಟೇಶನ್ನಿನಿಂದ ವಡಗಾವಿಯ ತನಕ ಧೋತರದ ತುದಿ ಕೈಯಲ್ಲಿ ಹಿಡಿದುಕೊಂಡು ಓಡಿದ.

ಗುರುಪುತ್ರಪ್ಪ ಮಗ್ಗದ ಕುಣಿಯಿಂದ ಕತ್ತೆತ್ತಿ ನೋಡಿದ. "ಎಲ್ಲಿಗೆ ಹೋಗಿದ್ದೆಲೇ ತಮ್ಮಾ? ಹಿಂಗ್ಯಾಕ ತೇಕಾಕತ್ತೀ?"

"ಓಡಾಕತ್ತಿದ್ನಿ ಮಾವ."

"ಓಡೂದ್ಯಾಕ?"

"ಸಾಲ್ಯಾಗ... ಓಟದ ಪಂದ್ಯ ಐತಿ."

ಓಡಿದ್ದೂ ಖರೆ. ಪಂದ್ಯ ಇದ್ದದ್ದೂ ಖರೆ. ಡ್ರಿಲ್ ಮಾಸ್ತರರು ಅಂದೇ ಮುಂಜಾನೆ ಸಾರಿದ್ದರು. ಎರಡು ಖರೆ ಮಾತುಗಳನ್ನು ಬಾಜೂಬಾಜು ಕೂಡಿಸಿದಾಗ ನಡುವಿನ ಜಾಗದಲ್ಲಿ ಒಂದು ಸುಳ್ಳು ತಾನಾಗಿ ಬಂದು ಕೂಡುತ್ತದೆ. ಅದಕ್ಕೆ ತಮ್ಮಣ್ಣನಾದರೂ ಏನು ಮಾಡಬೇಕು?

ಗುರುಪುತ್ರಪ್ಪ ಲಾಳಿಯನ್ನು ಕೆಳಗಿಟ್ಟ. ಹೊತ್ತು ಮುಳುಗುವ ಮೊದಲು ಅವನು ಲಾಳಿ ಕೆಳಗಿಟ್ಟದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ; ಇವತ್ತು ಹೊತ್ತು ಮುಳುಗಿಯೂ ಅದು ಕೈಯಲ್ಲೇ ಇತ್ತು, ಅಳಿಯನ ದಾರಿ ಕಾಯುತ್ತ. "ಸಂಗವ್ವಾ," ಎಂದು ಹೆಂಡತಿಯನ್ನು ಕೂಗಿದ, "ಕೇಳಿದ್ಯಾ? ನಮ್ಮ ಮನತನದಾಗ ಹುಟ್ಟಿದವ್ರೆಲ್ಲಾ ಕುಣ್ಯಾಗ ಕಾಲು ಇಳಿಬಿಟ್ಟು ಕುಂತವ್ರ. ಒಬ್ಬನರ ಎದ್ದು ಓಡಾಕ ಹತ್ತಿದಾ ನೋಡು!"

ಸಂಗವ್ವ ಒಳಗಿನಿಂದಲೇ ಅಂದಳು: "ಓಡ್ಲಿ. ಹಂಗ ಬಾವಿಮಟಾ ಓಡಿ ಒಂದು ಕೊಡ ನೀರು ತರ್ಲಿ."

ಈ ಮಾತಿನಲ್ಲಿ ಸ್ವಲ್ಪ ಖಾರ ಇದ್ದುದಕ್ಕೆ ಕಾರಣ ಇತ್ತು. ಮಗಳು ಕಾಂತಾಳ ಮದುವೆಯ ವಿಷಯದಲ್ಲಿ ಗಂಡಹೆಂಡಿರು ಎರಡು ದಾರಿ ಹಿಡಿದಿದ್ದರು. ಗುರುಪುತ್ರಪ್ಪನಿಗೆ ಅಕ್ಕನ ಮಗ ತಮ್ಮಣ್ಣನೇ ಅಳಿಯನಾಗಬೇಕು. ಸಂಗವ್ವನಿಗೆ ಶಹಾಪುರದ ಸೀರೆ ಅಂಗಡಿಯವರ ಹುಡುಗ. "ಅಂವ ಗಾದಿ ಮ್ಯಾಲೆ ಕುಂದರತಾನ. ಇಂವಗ ಕುಂದರಾಕ ಮಣಿ ಸೈತ ನಮ್ಮದ," ಎನ್ನುವುದು ಅವಳ ವಾದ. ತಮ್ಮಣ್ಣನ ಕಡೆಯಿಂದ ಹೇಳಲು ಗುರುಪುತ್ರಪ್ಪನಿಗೆ ಇದುವರೆಗೆ ಏನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. "ಹುಡುಗಗ ಛಲ ಐತಿ" ಎನ್ನತೊಡಗಿದ. ಇನ್ನು ತಮ್ಮಣ್ಣನಿಗೆ ಏನು ಬೇಕಾಗಿತ್ತು ಎಂದರೆ, ಕಾಂತಾ ಬಾಗಿಲ ಮರೆಯಲ್ಲಿ ಹಾದುಹೋದರೆ ಅವನು ಓದುವ ಪುಸ್ತಕ ತಲೆಕೆಳಗಾಗಿರುತ್ತಿತ್ತು. ಹೆಚ್ಚಿಗೆ ಹೇಳುವ ಕಾರಣವಿಲ್ಲ.

ಮರುದಿನ ಬಾಜೂ ಮನೆಯ ಭೀಮಕ್ಕನಿಗೆ ಸುದ್ದಿ ಮುಟ್ಟಿತು. ಭೀಮಕ್ಕನಿಗೆ ಮುಟ್ಟಿದ್ದು ವಡಗಾವಿಗೆ ಮುಟ್ಟಿದಂತೆಯೇ. ಸಂಜೆಯಾಗುವುದರೊಳಗೆ ಓಣಿಯಲ್ಲಿ ತಮ್ಮಣ್ಣನ ಕಾಲುಗಳು ಸಾರ್ವಜನಿಕ ಆಸ್ತಿಯಾದವು.

"ಹೆಂಗೂ ಓಡ್ತೀಯಲ್ಲೋ ತಮ್ಮಾ, ಹಂಗ ಶಹಾಪುರಕ್ಕ ಹೋಗಿ ಬಣ್ಣದ ನೂಲು ತಂದಬಿಡು."

"ಹೆಂಗೂ ಓಡ್ತೀಯಲ್ಲೋ, ನಮ್ಮ ಎಮ್ಮಿ ಬೆಳ್ಳಾರ ನಾಲಾದ ಕಡೆ ಹೋಗೇತಿ, ಹೊಡಕೊಂಡ ಬಾ."

"ಓಡೂ ಹುಡುಗ ಎಲ್ಲಿ? ನಮ್ಮ ಮುದುಕಗ ವೈದ್ಯರ ಕಡಿಂದ ಚೂರ್ಣ ಬೇಕಾಗೇತಿ!"

ಒಲ್ಲೆ ಎಂದರೆ ಮಾನ ಹೋಗುತ್ತದೆ. ಹೂಂ ಎಂದರೆ ಜೀವ ಹೋಗುತ್ತದೆ. ತಮ್ಮಣ್ಣ ಮಾನ ಉಳಿಸಿಕೊಳ್ಳುತ್ತ ಹೋದ.

ಇಷ್ಟು ಸಾಲದೆಂಬಂತೆ ಹಾಸಿನ ಕೆಲಸವನ್ನೂ ಮೈಮೇಲೆ ಎಳೆದುಕೊಂಡ. ನೇಯುವುದಕ್ಕೆ ಮೊದಲು ಸೀರೆಯ ಉದ್ದದ ಎಳೆಗಳನ್ನು ಓಣಿಯಲ್ಲಿ ಹಾಸಬೇಕು. ಓಣಿಯ ಉದ್ದಕ್ಕೂ ಗೂಟ ನೆಟ್ಟಿರುತ್ತಾರೆ. ನೂಲು ಕೈಯಲ್ಲಿ ಹಿಡಿದು ಈ ಕೊನೆಯಿಂದ ಆ ಕೊನೆಗೆ ನಡೆಯಬೇಕು, ಕೊನೆಯ ಗೂಟಕ್ಕೆ ಎಳೆ ಸುತ್ತಿ ತಿರುಗಿ ಬರಬೇಕು, ಮತ್ತೆ ಹೋಗಬೇಕು. ಎಳೆಗಳು ಸಾವಿರಾರು. ಇದು ಹೆಂಗಸರ ಕೆಲಸ. ಕಾಂತಾ ಮತ್ತು ಸಂಗವ್ವ ಮಾಡುತ್ತಿದ್ದರು. ತಮ್ಮಣ್ಣ ಒಂದು ಮುಂಜಾನೆ ಕಾಂತಾಳ ಎದುರಿಗೆ ನಿಂತು, "ಕೊಡ ಇಲ್ಲೆ. ನನಗ ಇದು ಕಾಲಿನ ಕಸರತ್ತು" ಎಂದ.

ಕಾಂತಾ ನೂಲು ಕೊಟ್ಟಳು. "ಏನ್ರೀ ಓಟಗಾರ್ರ, ಆ ಇರಾಣಿ ಅಂಗಡಿ ಮುಂದ ನಿಂತ್ರ ಯಾವ ಕಸರತ್ತ ಆಕ್ಕೈತ್ರೀ?" ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು.

ಅವಳಿಗೆ ಹೇಗೆ ಗೊತ್ತಾಯಿತೋ! ತಮ್ಮಣ್ಣ ಗಾಬರಿಯಲ್ಲಿ ಆ ದಿನ ಹಾಸನ್ನು ಅರ್ಧ ಓಡುತ್ತಲೇ ಮುಗಿಸಿದ. ನೋಡಿದ ಗುರುಪುತ್ರಪ್ಪ, "ಹುಡುಗಗ ತಯಾರಿ ಭಾರೀ ನಡದೈತಿ" ಎಂದುಕೊಂಡ.

ಆ ವಾರವೇ ಗುರುಪುತ್ರಪ್ಪ ಜರಿಯಂಚಿನ ರುಮಾಲು ಸುತ್ತಿ ಸಾಲೆಗೆ ಹೋದ. ಡ್ರಿಲ್ ಮಾಸ್ತರ ಮಧುಕರರಾಯರು ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದರು.

"ನಮ್ಮ ತಮ್ಮಣ್ಣ ದಿನಾ ಓಡ್ತಾನ್ರಿ ಮಾಸ್ತರ. ಹೆಸರು ಹಚ್ಚೀರಿಲ್ರೀ?"

ಮಾಸ್ತರರು ಸುಣ್ಣದ ಬುಟ್ಟಿ ಹಿಡಿದವನನ್ನು ನಿಲ್ಲಿಸಿದರು. "ಯಾವ ತಮ್ಮಣ್ಣ? ಡ್ರಿಲ್ಲಿಗೆ ನಿಂತ್ರ ಮಾವಿನ ಗಿಡದ ನೆರಳಿಗೆ ಸರೀತಾನಲ್ಲ, ಅಂವಾ? ಅರೇ, ಇದೇನು ಭಾನಗಡಿ!"

"ಸಾಲ್ಯಾಗ ತೋರಸೂದಿಲ್ರಿ ಅಂವ. ಒಳಗ ಬಾಳ ಐತಿ."

ಮಾಸ್ತರರು ಯೋಚಿಸಿ ಅಂದರು: "ನೂರು ಯಾರ್ಡಿಗೆ ಚುರುಕು ಬೇಕು. ಮೈಲಿಗೆ ದಮ್ಮು ಬೇಕು. ಎರಡೂ ಅವೋ ಇಲ್ಲೋ ಗೊತ್ತಿಲ್ಲದವರಿಗೆ ಅರ್ಧ ಮೈಲಿ ಚಲೋ. ಈ ಮೈದಾನಕ್ಕ ಎರಡ ಸುತ್ತು. ಹಚ್ಚತೇನಿ."

ಸಂಜೆ ಓಣಿಯ ಕಟ್ಟೆಯ ಮೇಲೆ ಗುರುಪುತ್ರಪ್ಪ ಎಲ್ಲರ ಎದುರಿಗೆ ಸಾರಿದ: "ಹುಡುಗ ಪಂದ್ಯದಾಗ ಮೊದಲ ಬರ್ಲಿ, ಆವತ್ತ ಸಂಜೀಕ ಕಾಂತಾನ ನಿಶ್ಚೆ ಮಾಡತೇನಿ."

"ಬರದಿದ್ರ?" ಎಂದಳು ಸಂಗವ್ವ.

"ಬರದಿದ್ರೂ ಮಾಡತೇನಿ. ಓಡಿದ್ರ ಸಾಕು ನನಗ."

ತಮ್ಮಣ್ಣ ಆಗ ಯಾರದೋ ಎಮ್ಮೆಯ ಹಿಂದೆ ಇದ್ದ. ಭೀಮಕ್ಕ ಅವನನ್ನು ದಾರಿಯಲ್ಲೇ ಹಿಡಿದು ಸುದ್ದಿ ಹೇಳಿದಳು. ಹೇಳಿದ್ದು ಮೊದಲ ಮಾತನ್ನು ಮಾತ್ರ. ಎರಡನೆಯ ಮಾತು ಆಡುವ ಹೊತ್ತಿಗೆ ಅವಳು ಮೊದಲನೆಯದನ್ನು ಹಂಚಲು ಕಟ್ಟೆಯಿಂದ ಎದ್ದಾಗಿತ್ತು.

ಪಂದ್ಯದ ಹಿಂದಿನ ದಿನ ಮಾವ ಅವನನ್ನು ಖಾನಾಪುರಕ್ಕೆ ಕಳಿಸಿದ: "ನಿಮ್ಮಪ್ಪನ್ನ ಕರಕೊಂಡ ಬಾ. ಮಗಾ ಓಡೂದನ್ನ ಕಣ್ಣೀಲೆ ನೋಡ್ಲಿ. ಬೆಳಗಿನ ಗಾಡೀಗೆ ಹೋಗಿ ಮಧ್ಯಾಹ್ನದ ಗಾಡೀಗೆ ಬಂದಬಿಡ್ರಿ." ಭೀಮಕ್ಕ ಅಲ್ಲಿನ ತನ್ನ ಮಗಳಿಗೆಂದು ಒಂದು ಉಪ್ಪಿನಕಾಯಿ ಭರಣಿ ಹೊರಿಸಿದಳು.

ಭರಣಿ ಮುಟ್ಟಿಸಿ ಹೋಗುವಷ್ಟರಲ್ಲಿ ಅಪ್ಪ ರಾಯಪ್ಪ ಕಣದಲ್ಲಿದ್ದ. ಭತ್ತ ತುಳಿಸುವ ಸುಗ್ಗಿ. ಮಗ ಬಂದ ಕಾರಣ ಕೇಳಿ ರಾಯಪ್ಪ ಬಾರುಕೋಲು ಹೆಗಲಿಗಿಟ್ಟ. "ನೀ ಓಡೂದನ್ನ ನೋಡಾಕ ನಾ ಬರ್ಲೇನು? ಸಣ್ಣಂವ ಇದ್ದಾಗ ದಿನಾ ನೋಡೀನಲ್ಲ, ಕೆಲಸಾ ಅಂದ್ರ ಓಡ್ತಿದ್ದಿ. ಈಗ ಭತ್ತಾ ಯಾರ ತುಳಸ್ತಾರ? ಬಾ, ಎತ್ತಿನ ಹಿಂದ ನಾಕ ಸುತ್ತು ಹಾಕು. ಕಾಲು ಸಡ್ಲ ಆಕ್ಕಾವು."

ನಾಲ್ಕು ಸುತ್ತು ಎಂದದ್ದು ಕಣ ಮುಗಿಯುವ ತನಕ ನಡೆಯಿತು. ಮಧ್ಯಾಹ್ನದ ಗಾಡಿ ಸಿಳ್ಳೆ ಹಾಕಿ ಹೋದದ್ದು ಕಣಕ್ಕೆ ಚೆನ್ನಾಗಿ ಕೇಳಿಸಿತು.

"ಹೋತೇನು?" ಎಂದ ರಾಯಪ್ಪ. "ಹೋಗ್ಲಿ. ಓಟಗಾರಗ ಗಾಡಿ ಯಾಕ ಬೇಕು?"

ತಮ್ಮಣ್ಣ ನಡೆದ. ಇದ್ದಲಹೊಂಡ ದಾಟಿದ, ದೇಸೂರು ದಾಟಿದ. ಪೀರನವಾಡಿಗೆ ಬರುವಾಗ ಅವನ ಕಾಲುಗಳು ಅವನವೇ ಎಂದು ಹೇಳಲು ಬೇರೆಯವರ ಸಾಕ್ಷಿ ಬೇಕಾಗುತ್ತಿತ್ತು. ಮನೆಗೆ ಬಂದು ಊಟದ ಮಣೆಯ ಮೇಲೆಯೇ ತೂಕಡಿಸಿದ.

ಪಂದ್ಯದ ದಿನ ಮುಂಜಾನೆ ಗುರುಪುತ್ರಪ್ಪ ಹಾಸು ಹಾಕಿಸುತ್ತಿದ್ದ. ಬೇಗ ಮುಗಿಸಿ, ಮಗ್ಗ ಮುಚ್ಚಿ, ಓಣಿಯವರನ್ನೆಲ್ಲ ಕಟ್ಟಿಕೊಂಡು ಮೈದಾನಕ್ಕೆ ಹೋಗಬೇಕೆಂಬುದು ಅವನ ಬೇತು. ಸಂಗವ್ವ ನೂಲು ಹಿಡಿದು ನಿಂತಿದ್ದಳು. ತಮ್ಮಣ್ಣ ಕುಂಟುತ್ತ ಹೊರಗೆ ಬಂದ.

"ಇವತ್ತ ಬ್ಯಾಡೋ ತಮ್ಮಾ," ಎಂದ ಮಾವ. "ಮಧ್ಯಾಹ್ನ ಓಡಾಂವ ಅದಿ. ಸುಮ್ಮ ಬಿದ್ದುಕೊ ಹೋಗು."

ಆ ಮಾತು ಕೇಳಿ ತಮ್ಮಣ್ಣ ಒಳಗೆ ಹೋಗಿ ಬಿದ್ದುಕೊಂಡಿದ್ದರೆ ನಮ್ಮ ಕಥೆ ಬೇರೆ ಇರುತ್ತಿತ್ತು. ಆದರೆ ಕಾಂತಾ ಬಾಗಿಲಿಗೆ ಬಂದು ನಿಂತಳು.

"ಏ, ಇದೇನ್ ಮಾವ, ಇದು ನನಗ ಆಟ ಇದ್ದಂಗ," ಎಂದು ಅತ್ತೆಯ ಕೈಯಿಂದ ನೂಲು ಕಿತ್ತುಕೊಂಡ.

"ಬ್ಯಾಡಂದ್ರ ಕೇಳವಲ್ಲ ನೋಡ," ಎಂದು ಮಾವ ಹೆಮ್ಮೆಯಿಂದ ನಕ್ಕ. ತಮ್ಮಣ್ಣ ಗೂಟದಿಂದ ಗೂಟಕ್ಕೆ ಹೋದ, ಸುತ್ತಿದ, ಬಂದ; ಹೋದ, ಸುತ್ತಿದ, ಬಂದ. ಬಿಸಿಲು ಏರುವ ತನಕ ಇದೇ ನಡೆಯಿತು.

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ನಡುವಿನ ಕುರ್ಚಿಯಲ್ಲಿ ಮಾಮಲೇದಾರ ತ್ರ್ಯಂಬಕರಾಯರು ಕೂತಿದ್ದರು. ಒಂದು ಬದಿಗೆ ವಡಗಾವಿಯ ನೇಕಾರರು ಬುತ್ತಿ ಗಂಟುಗಳೊಂದಿಗೆ ಬಂದು ಇಳಿದಿದ್ದರು. ಹೆಂಗಸರು ಚಕ್ಕಡಿಯ ಮರೆಗೆ. ಅರ್ಧ ಮೈಲಿಗೆ ಕರೆ ಬಂತು. ಕೆಂಪು ನಿಶಾನೆ ಕಟ್ಟಿದ ಕಂಬದಿಂದ ಹೊರಟು, ಮೈದಾನ ಎರಡು ಸುತ್ತು ಹಾಕಿ, ಅದೇ ಕಂಬಕ್ಕೆ ಬಂದು ಮುಟ್ಟಬೇಕು.

ಮಾಸ್ತರರು ಸೀಟಿ ಊದಿದರು. ಉಳಿದವರು ಹೋದರು. ತಮ್ಮಣ್ಣನೂ ಹೋದ, ಆದರೆ ಹಿಂದಿನಿಂದ. ಒಂದೊಂದು ಕಾಲನ್ನೂ ಬಾವಿಯಿಂದ ಸೇದಿದಂತೆ ಎತ್ತಬೇಕಾಗಿತ್ತು. ಅರ್ಧ ಸುತ್ತಿನಲ್ಲಿ ಕಣ್ಣು ಮಂಜಾಯಿತು. ಆಮೇಲೆ ಓಡಿದವನು ತಮ್ಮಣ್ಣನಲ್ಲ, ಅವನ ಕಾಲುಗಳು. ಅವು ತಮಗೆ ತಿಳಿದದ್ದನ್ನು ಮಾಡಿದವು. ಮೊದಲ ಸುತ್ತು ಮುಗಿದು ಕೆಂಪು ನಿಶಾನೆಯ ಕಂಬ ಬಂತು. ಕೊನೆಯ ಸುತ್ತಿನ ಗಂಟೆ ಬಾರಿಸಿದರು. ತಮ್ಮಣ್ಣ ಕಂಬಕ್ಕೆ ಕೈ ಹಚ್ಚಿ, ಅದನ್ನೊಂದು ಸುತ್ತು ಬಳಸಿ, ಬಂದ ದಾರಿಯಲ್ಲೇ ತಿರುಗಿ ಹೊರಟ.

ಶಾಮಿಯಾನದಲ್ಲಿ ಎಲ್ಲರೂ ಎದ್ದು ನಿಂತರು. "ಅರೇ! ಅರೇ! ತಿಕಡೇ ಕುಠೇ?" ಅತ್ತ ಎಲ್ಲಿಗೆ ಎಂದು ಮಾಸ್ತರರು ಮರಾಠಿಯಲ್ಲೇ ಕೂಗಿದರು. ಆದರೆ ವಡಗಾವಿಯವರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಕೊನೆಯ ಗೂಟ ಬಂದ ಮೇಲೆ ತಿರುಗದೆ ಇನ್ನೇನು? ಅವರ ಮಟ್ಟಿಗೆ ದಾರಿ ತಪ್ಪಿದವರು ಉಳಿದ ಹುಡುಗರು.

"ಭಲೆ ತಮ್ಮಣ್ಣಾ!" ಎಂದು ಗುರುಪುತ್ರಪ್ಪ ರುಮಾಲು ಬಿಚ್ಚಿ ಬೀಸಿದ. "ಒಬ್ಬನ ನೋಡ್ರಿ ಸರಿಯಾಗಿ ತಿರುಗಿದಂವ!"

ಮೈದಾನದ ಆಚೆ ಬದಿಯಲ್ಲಿ ಮುಂದಿದ್ದ ಹುಡುಗರಿಗೆ ತಮ್ಮಣ್ಣ ಎದುರಿನಿಂದ ಬರುವುದು ಕಾಣಿಸಿತು. ಕಣ್ಣು ಅರೆಮುಚ್ಚಿ, ಬಾಯಿ ತೆರೆದು, ಎರಡೂ ಕೈಗಳಲ್ಲಿ ಇಲ್ಲದ ನೂಲು ಹಿಡಿದು ಬರುತ್ತಿದ್ದ. ಒಬ್ಬ ಬೆದರಿ ಬಿದ್ದ. ಅವನ ಮೇಲೆ ಇನ್ನೊಬ್ಬ. ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಗುತ್ತ ಕೂತುಬಿಟ್ಟರು. ತಮ್ಮಣ್ಣ ಅವರ ನಡುವೆ ಹಾದು, ಇಡೀ ಸುತ್ತನ್ನು ಹಿಮ್ಮುಖವಾಗಿ ಮುಗಿಸಿ, ಎಲ್ಲರಿಗಿಂತ ಮೊದಲು ಕಂಬ ಮುಟ್ಟಿ ಕುಸಿದ.

"ಉಲ್ಟಾ! ಇದು ಬಾದ, ಲೆಕ್ಕಕ್ಕಿಲ್ಲ!" ಎಂದರು ಮಾಸ್ತರರು.

ಗುರುಪುತ್ರಪ್ಪ ಜನರನ್ನು ಸರಿಸಿ ಮಾಮಲೇದಾರರ ಕುರ್ಚಿಯ ಮುಂದೆ ಬಂದು ಕೈಮುಗಿದ. "ಸಾಹೇಬ್ರ, ಈ ಬಾಜೂದಿಂದ ಸುತ್ತಿದ್ರೂ ಅಷ್ಟ, ಆ ಬಾಜೂದಿಂದ ಸುತ್ತಿದ್ರೂ ಅಷ್ಟ. ಬೇಕಾದ್ರ ಹಗ್ಗಾ ಹಿಡಿದ ಅಳಸ್ರಿ. ಒಂದ ಗೇಣು ಕಮ್ಮಿ ಬಂದ್ರ ನನ್ನ ಹೆಸರ ತಗೀರಿ."

ತ್ರ್ಯಂಬಕರಾಯರು ಮೀಸೆ ನೀವಿಕೊಂಡರು. "ಮಾಸ್ತರ, ಈ ಮಾತಿನಾಗ ಅರ್ಥ ಅದ. ಹೊಲದ ಮೋಜಣಿ ಯಾವ ಬಾಜೂದಿಂದ ಸುರು ಮಾಡಿದ್ರೂ ಎಕರೆ ಅಷ್ಟ ಇರ್ತಾವ."

"ರಾವಸಾಹೇಬ, ಇದು ಹೊಲಾ ಅಲ್ರೀ, ಓಟ!"

"ಓಟಾ ನಡದದ್ದು ನೆಲದ ಮ್ಯಾಲೆ ಹೌದಲ್ಲೋ?"

ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಮಾಸ್ತರರೂ ನಕ್ಕರು. ಬಹುಮಾನ ಸಿಗುವಂತಿರಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಪ್ರೀತಿ ಇತ್ತು. ಮಾಮಲೇದಾರರು ತಮ್ಮಣ್ಣನನ್ನು ಹತ್ತಿರ ಕರೆದು, "ಖರೇ ಹೇಳಪಾ, ತಿರುಗಿದ್ಯಾಕ?" ಎಂದು ಕೇಳಿದರು.

ದಣಿದಿದ್ದೆ, ತಿಳಿಯಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ತಮ್ಮಣ್ಣ ಕಣ್ಣೆತ್ತಿದಾಗ ಕಂಡದ್ದು ಚಕ್ಕಡಿಯ ಪಕ್ಕದಲ್ಲಿ ಕಾಂತಾ. ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಮೊದಲ ಬಂದರೆ ನಿಶ್ಚಯ ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು.

"ಏನ್ ಮಾಡ್ಲಿ ಸಾಹೇಬ್ರ," ಎಂದ. "ಮಾವನ ಮನ್ಯಾಗ ಓದಾಕ ಇದ್ದೇನಿ. ನಸುಕಿನ್ಯಾಗಿಂದ ಹಾಸು ಹಾಕಸ್ಯಾರ. ನಿನ್ನೆ ಖಾನಾಪುರಕ್ಕ ಅಟ್ಟ್ಯಾರ. ದಿನಾ ಹಿಂಗ. ಕಾಲಿನ್ಯಾಗ ಏನೂ ಉಳದಿಲ್ಲ. ಅನ್ನಾ ಹಾಕತಾರಂದ ಮ್ಯಾಲೆ ದುಡೀಲೇಬೇಕಲ್ರಿ."

ನಗು ನಿಂತಿತು. ಮಾಮಲೇದಾರರ ಮುಖ ಕಚೇರಿಯ ಮುಖವಾಯಿತು. ಅವರು ಗುರುಪುತ್ರಪ್ಪನ ಕಡೆ ತಿರುಗಿದರು. "ಏನಯ್ಯಾ, ತಂಗೀ ಮಗನೋ ಅಕ್ಕನ ಮಗನೋ ಈ ಹುಡುಗ? ಓದಾಕಂತ ಕರಕೊಂಡು ಬಂದು ಕೂಲಿ ಆಳಿನಾಂಗ ದುಡಸ್ತೀ? ಇವತ್ತ ಪಂದ್ಯ ಅಂತ ಗೊತ್ತಿದ್ದೂ? ನಾಚಿಕಿ ಬರೂದಿಲ್ಲೇನು?"

ಸಂಗವ್ವ ಚಕ್ಕಡಿಯ ಮರೆಯಿಂದ ಎರಡು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಳು. ಗುರುಪುತ್ರಪ್ಪ ಕೈ ಎತ್ತಿ ಅವಳನ್ನು ತಡೆದ. ಬಿಚ್ಚಿದ ರುಮಾಲು ಇನ್ನೂ ಅವನ ಕೈಯಲ್ಲೇ ಇತ್ತು.

"ಹೌದ್ರಿ," ಎಂದ. "ತಪ್ಪಾತ್ರಿ ಸಾಹೇಬ್ರ."

ವಡಗಾವಿಯವರು ಬುತ್ತಿ ಬಿಚ್ಚದೆ ಮನೆಗೆ ಹೋದರು. ದಾರಿಯಲ್ಲಿ ಭೀಮಕ್ಕ ಕೂಡ ಮಾತಾಡಲಿಲ್ಲ. ಓಣಿಯ ಇತಿಹಾಸದಲ್ಲಿ ಇಂಥದೊಂದು ಸಂಜೆ ಹಿಂದೆ ಬಂದದ್ದು ಯಾರಿಗೂ ನೆನಪಿರಲಿಲ್ಲ.

ಮರುದಿನ ಮುಂಜಾನೆ ತಮ್ಮಣ್ಣ ಬೇಗ ಎದ್ದು, ಯಾರೂ ಹೇಳದೆಯೇ ಹಾಸಿನ ನೂಲಿಗೆ ಕೈ ಹಾಕಿದ. ಗುರುಪುತ್ರಪ್ಪ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡ.

"ಬ್ಯಾಡ್ರಿ. ನೀವು ಓದ್ಕೋರಿ."

ಮಾವ ಚೇಷ್ಟೆ ಮಾಡುತ್ತಿದ್ದಾನೆಂದು ತಮ್ಮಣ್ಣ ನಕ್ಕ. ಮಾವ ನಗಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅವತ್ತಿನಿಂದ ತಮ್ಮಣ್ಣನಿಗೆ ಆ ಮನೆಯಲ್ಲಿ ಯಾವುದಕ್ಕೂ ಕಡಿಮೆಯಾಗಲಿಲ್ಲ. ಎಲ್ಲರಿಗಿಂತ ಮೊದಲು ಎಡೆ, ರೊಟ್ಟಿಯ ಮೇಲೆ ಬೆಣ್ಣೆ, ಓದಲು ಬೇರೆ ಕಂದೀಲು. ನೀರಿನ ಕೊಡ ಮುಟ್ಟಿದರೆ ಸಂಗವ್ವ ಓಡಿ ಬಂದು, "ಇಡ್ರಿ, ಇಡ್ರಿ, ನಾವಿಲ್ಲೇನು" ಎನ್ನುತ್ತಿದ್ದಳು. ಓಣಿಯವರೂ ಎಮ್ಮೆ ಹುಡುಕಲು ತಾವೇ ಹೋಗತೊಡಗಿದರು. ಸಂಜೆ ಅವನು ಎಷ್ಟು ತಡವಾಗಿ ಬಂದರೂ ಎಲ್ಲಿಗೆ ಹೋಗಿದ್ದೆಲೇ ಎಂದು ಕೇಳುವವರು ಇರಲಿಲ್ಲ. ಅವನಾದರೂ ಆಮೇಲೆ ಹೋದದ್ದೆಲ್ಲಿಗೆ? ಸಾಲೆಯಿಂದ ನೇರ ಮನೆಗೆ ಬರುತ್ತಿದ್ದ.

ಶಹಾಪುರದ ಸಂಬಂಧ ಸಂಕ್ರಾಂತಿಯ ಆಚೆ ನಿಶ್ಚಯವಾಯಿತು. ಗಂಡಹೆಂಡಿರ ನಡುವೆ ಜಗಳವಾಗಲಿಲ್ಲ, ಚರ್ಚೆಯೂ ಆಗಲಿಲ್ಲ. ಗುರುಪುತ್ರಪ್ಪ ಒಂದು ದಿನ ಹೋಗಿ ವೀಳ್ಯ ಕೊಟ್ಟು ಬಂದ.

ತಮ್ಮಣ್ಣ ಬಾವಿಯ ಹತ್ತಿರ ಕಾಂತಾಳನ್ನು ಕಂಡ. ಕೊಡ ತುಂಬಿತ್ತು, ಅವಳು ಎತ್ತುವುದರಲ್ಲಿದ್ದಳು.

"ನಾ ಮೊದಲ ಬರಲಿಲ್ಲಂತ..." ಎಂದು ಸುರುಮಾಡಿದ.

"ಮೊದಲ ಬರ್ರಿ ಅಂತ ನಿಮಗ ಯಾರು ಅಂದಿದ್ರು?" ಎಂದಳು ಕಾಂತಾ. "ಓಡಿದ್ರ ಸಾಕು ಅಂದಿದ್ದ ಅಪ್ಪ. ಕಟ್ಟೀ ಮ್ಯಾಲೆ, ಎಲ್ಲಾರ ಮುಂದ."

ತಮ್ಮಣ್ಣ ಕೊಡಕ್ಕೆ ಕೈ ಹಾಕಿದ. ಕಾಂತಾ ಅದನ್ನು ತನ್ನ ಕಡೆ ಸರಿಸಿಕೊಂಡಳು.

"ಇರಾಣಿ ಅಂಗಡೀದೂ ಗೊತ್ತಿತ್ತು ಅಂವಗ. ನಾನ ಹೇಳಿದ್ದೆ. 'ಹುಡುಗ ಅದಾನ, ಹಾಡು ಕೇಳ್ತಾನ, ಬಿಡು' ಅಂದ." ಅವಳು ಸಿಂಬೆ ಸರಿಮಾಡಿಕೊಂಡಳು. "ಆವತ್ತ ನಾ ನಕ್ಕಷ್ಟು ಎಂದೂ ನಕ್ಕಿದ್ದಿಲ್ಲ. ಜಲ್ಮ ಪೂರಾ ಹೇಳಿ ಹೇಳಿ ನಗಬೌದಿತ್ತು."

"ಮಾವನ ಮುಂದ ತಪ್ಪಾತಂತ ಹೇಳ್ಲೇನು?"

"ಹೇಳ್ರಿ. ಅಂವೇನ್ ನಿಮ್ಮ ಮ್ಯಾಲೆ ಸಿಟ್ಟಾಗಿಲ್ಲ." ಕೊಡ ಎತ್ತಿಕೊಂಡು ಹೋದಳು.

ತಮ್ಮಣ್ಣ ಆ ಸಂಜೆಯೇ ಮಗ್ಗದ ಕುಣಿಯ ಹತ್ತಿರ ಹೋಗಿ ನಿಂತ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. "ಮಾವ, ಆವತ್ತ ನಾ ಹಂಗ ಅನಬಾರದಿತ್ತು. ನೀ ಬ್ಯಾಡಂದಿದ್ದಿ. ನಾನ ಕಸಗೊಂಡ ಮಾಡಿದ್ನಿ. ನನ್ನ ತಪ್ಪಾತು," ಎಂದ.

ಗುರುಪುತ್ರಪ್ಪ ಲಾಳಿ ನಿಲ್ಲಿಸಿ, ಕುಣಿಯಿಂದ ಮೇಲೆದ್ದು ಬಂದ. ಅಳಿಯನ ಹೆಗಲ ಮೇಲೆ ಕೈಯಿಟ್ಟ. ಅವನ ಮುಖದಲ್ಲಿ ಮೊದಲಿನಂತೆಯೇ ನಗು ಇತ್ತು.

"ಛೇ ಛೇ. ಅದೇನ್ ದೊಡ್ಡ ಮಾತ್ರಿ? ನಾ ಅವತ್ತ ಮರತಬಿಟ್ಟೀನಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ. ನಿಂತ್ರ್ಯಾಕ, ಕುಂದರ್ರಿ." ತಾನೇ ಚಾಪೆ ಬಿಡಿಸಿ ಹಾಕಿದ. ಒಳಗೆ ತಿರುಗಿ ಕೂಗಿದ: "ಕಾಂತಾ, ಬಂದವ್ರಿಗೆ ನೀರು ಕೊಡವಾ."

ಕಾಂತಾ ತಂಬಿಗೆ ತಂದಿಟ್ಟಳು. ತಾಟಿನಲ್ಲಿ ಒಂದು ಚೂರು ಬೆಲ್ಲವೂ ಇತ್ತು. ಆ ಮನೆಯಲ್ಲಿ ಹೊರಗಿನಿಂದ ಬಂದವರಿಗೆ ಬೆಲ್ಲವಿಲ್ಲದೆ ಬರಿಯ ನೀರನ್ನು ಯಾವತ್ತೂ ಕೊಟ್ಟದ್ದಿಲ್ಲ.